ದೊಡ್ಡ ಕೈಗೆ ಮೌಸ್ ಆರಿಸುವಾಗ ಕಿರುಬೆರಳು ನೋಡಿ

ಮಣಿಕಟ್ಟು ನೋವು ಅಂತ ಬರುವ ಕಂಪ್ಯೂಟರ್ ಕೆಲಸಗಾರರಿಗೆ ನಾನು ಹೇಳುವುದು ಒಂದೇ: ಬರುವಾಗ ನಿಮ್ಮ ಮೌಸನ್ನೂ ತನ್ನಿ. ಮೇಜಿನ ಮೇಲಿಟ್ಟು ಹಿಡಿಯಲು ಹೇಳುತ್ತೇನೆ. ಹಿಡಿದ ಮೇಲೆ ಫಿಸಿಯೋಥೆರಪಿಸ್ಟ್ ಆಗಿ ನನ್ನ ಕಣ್ಣು ಹೋಗುವುದು ಕೆಲಸವೇ ಇಲ್ಲದ ಎರಡು ಬೆರಳುಗಳ ಕಡೆಗೆ. ಉಂಗುರ ಬೆರಳು, ಕಿರುಬೆರಳು.

ದೊಡ್ಡ ಕೈಯವರಲ್ಲಿ ಇವೆರಡಕ್ಕೆ ಜಾಗವೇ ಸಿಕ್ಕಿರುವುದಿಲ್ಲ. ಒಂದೋ ಕಿರುಬೆರಳು ಮೇಜಿಗೆ ಉಜ್ಜುತ್ತಿರುತ್ತದೆ. ಇಲ್ಲವೇ ಎರಡೂ ಮಡಚಿಕೊಂಡು ಮೌಸಿನ ಪಕ್ಕವನ್ನು ಚಿವುಟಿ ಹಿಡಿದಿರುತ್ತವೆ, ಆಚೆ ಕಡೆಯಿಂದ ಹೆಬ್ಬೆರಳೂ ಒತ್ತುತ್ತಿರುತ್ತದೆ. ಹಿಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಇತ್ತ ತೋರುಬೆರಳು ಕ್ಲಿಕ್ಕಿಗೆ ಕಾಯುತ್ತಾ ಎತ್ತಿಕೊಂಡೇ ಇರುತ್ತದೆ. ಬೆರಳನ್ನು ಎತ್ತುವ ಸ್ನಾಯು ಮುಂಗೈ ಉದ್ದಕ್ಕೂ ಸಾಗಿ ಮೊಣಕೈಯ ಹೊರಮಗ್ಗುಲಿನ ಮೂಳೆಗೆ ಅಂಟಿಕೊಂಡಿದೆ. ಮೌಸಿನ ನೋವು ಎಷ್ಟೋ ಸಲ ಮೊಣಕೈಯಲ್ಲಿ ಕಾಣಿಸಿಕೊಳ್ಳುವುದು ಅದಕ್ಕೇ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ವಿಷಯ ಬೇರೆ. ಈ ಬೆರಳುಗಳಿಗೆ ಹೋಗುವ ಮೀಡಿಯನ್ ನರ ಮಣಿಕಟ್ಟಿನಲ್ಲಿ ಒತ್ತಿಕೊಂಡಿರಬಹುದು. ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದ್ದರಂತೂ ಮೌಸ್ ಬದಲಿಸುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಇನ್ನು ಅಳತೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಸ್ಕೇಲಿಟ್ಟು ನೋಡಿ. 20 ಸೆಂ.ಮೀ. ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಿಮ್ಮದು ದೊಡ್ಡ ಕೈ. ಮೌಸಿನ ಉದ್ದ ಕೈಯ ಉದ್ದದ ಶೇ 60ರಷ್ಟಿರಲಿ ಎಂಬ ಲೆಕ್ಕವೊಂದು ಗೇಮ್ ಆಡುವವರಲ್ಲಿ ಚಾಲ್ತಿಯಲ್ಲಿದೆ. ಅಂದರೆ 20 ಸೆಂ.ಮೀ. ಕೈಗೆ 12 ಸೆಂ.ಮೀ. ಮೌಸ್. ಶುರು ಮಾಡಲು ಪರವಾಗಿಲ್ಲ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಿಡಿಸಲೆಂದೇ ಮಾಡಿದ ಪುಟ್ಟ ಮೌಸ್‌ಗಳು 10 ಸೆಂ.ಮೀ. ಹತ್ತಿರ ಇರುತ್ತವೆ. ಅವು ನಿಮಗಲ್ಲ.

ಆದರೆ ಬರೀ ಉದ್ದ ನಂಬಿದರೆ ಮೋಸ ಹೋಗುತ್ತೀರಿ. ಆ್ಯಪಲ್‌ನ ಮ್ಯಾಜಿಕ್ ಮೌಸ್ 11 ಸೆಂ.ಮೀ.ಗಿಂತ ಉದ್ದ ಇದೆ, ಎತ್ತರ ಮಾತ್ರ ಎರಡೂಕಾಲು ಸೆಂ.ಮೀ. ಕೂಡ ಇಲ್ಲ. ದೊಡ್ಡ ಅಂಗೈ ಅದರ ಮೇಲೆ ಒರಗುವುದೇ ಇಲ್ಲ, ತೇಲುತ್ತಿರುತ್ತದೆ. ಮೌಸಿನ ಬೆನ್ನಿನ ಉಬ್ಬು ಅಂಗೈಯ ಗುಳಿಯಲ್ಲಿ ಕೂರಬೇಕು, ಆಗಲೇ ಬೆರಳು ಸಡಿಲವಾಗುವುದು. ಲಾಜಿಟೆಕ್‌ನ ಎಂಎಕ್ಸ್ ಮಾಸ್ಟರ್ 3ಎಸ್ ಸುಮಾರು 12.5 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರ. ಉಬ್ಬಿನ ವಿಷಯದಲ್ಲಿ ನನಗೆ ಅದು ಇಷ್ಟ. ಅಗಲವೂ 8 ಸೆಂ.ಮೀ. ದಾಟುತ್ತದೆ. ಆದರೆ ಆ ಅಗಲದಲ್ಲಿ ಒಂದು ಪಾಲು ಹೆಬ್ಬೆರಳು ಇಡುವ ಜಾಗಕ್ಕೇ ಹೋಗಿದೆ, ಕಿರುಬೆರಳ ಕಡೆ ಅಂಥ ಆಸರೆ ಇಲ್ಲ. ತೂಕವೂ 140 ಗ್ರಾಂ ಆಗುತ್ತದೆ. ರೇಜರ್ ಡೆತ್ ಆ್ಯಡರ್ ವಿ3 ಹೆಚ್ಚುಕಡಿಮೆ ಅಷ್ಟೇ ಉದ್ದವಿದ್ದರೂ 60 ಗ್ರಾಂ ಆಸುಪಾಸು. ದಿನಕ್ಕೆ ನೂರಾರು ಸಲ ಮೌಸ್ ಎತ್ತಿಡುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಗೇಮ್ ಆಡುವವರ ಮೌಸ್ ಅಂತ ಮೂಗು ಮುರಿಯಬೇಡಿ. ದೊಡ್ಡ ಕೈಗೆ ಆಯ್ಕೆ ಜಾಸ್ತಿ ಇರುವುದು ಅಲ್ಲೇ.

ನಿಲುವು ಮೌಸ್, ಅಂದರೆ ಕೈಕುಲುಕುವ ಭಂಗಿಯಲ್ಲಿ ಹಿಡಿಯುವಂಥದ್ದು, ಮುಂಗೈ ತಿರುಚುವುದನ್ನು ಕಡಿಮೆ ಮಾಡುತ್ತದೆ. ಇಲ್ಲೂ ಅಳತೆಯೇ ಮುಖ್ಯ. ಲಾಜಿಟೆಕ್‌ನ ಲಿಫ್ಟ್ ಮತ್ತು ಎಂಎಕ್ಸ್ ವರ್ಟಿಕಲ್ ಎರಡರ ಕೋನವೂ 57 ಡಿಗ್ರಿ. ಆದರೆ ಲಿಫ್ಟ್ ಮಾಡಿರುವುದೇ ಸಣ್ಣ, ಮಧ್ಯಮ ಕೈಗೆ. ದೊಡ್ಡ ಕೈಯವರು ಅದನ್ನು ತಂದರೆ ಕಿರುಬೆರಳು ಮತ್ತೆ ಮೇಜಿಗೆ ಇಳಿಯುತ್ತದೆ. ಇನ್ನೊಂದು ಕಿರಿಕಿರಿ: ನಿಲುವು ಮೌಸಿನಲ್ಲಿ ಕ್ಲಿಕ್ ಮಾಡಿದರೆ ಮೌಸ್ ಪಕ್ಕಕ್ಕೆ ಜರುಗುತ್ತದೆ, ಅದನ್ನು ತಡೆಯಲು ಹೆಬ್ಬೆರಳು ಬಿಗಿಯುತ್ತದೆ. ಚಿತ್ರ ತಿದ್ದುವಂಥ ನಾಜೂಕು ಕೆಲಸದವರಿಗೆ ನಾನು ಇದನ್ನು ಮೊದಲ ಮದ್ದಾಗಿ ಹೇಳುವುದಿಲ್ಲ.

ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಒಂದು ಕೆಲಸ ಮಾಡಿ. ಹಳೇ ಮೌಸಿನ ಬೆನ್ನಿಗೂ ಕಿರುಬೆರಳಿನ ಪಕ್ಕಕ್ಕೂ ದಪ್ಪ ಫೋಮ್ ತುಂಡು ಅಂಟಿಸಿ, ಬಟನ್ ಮತ್ತು ಅಡಿಭಾಗ ಬಿಟ್ಟು. ನೋಡಲು ಚೆನ್ನಾಗಿರುವುದಿಲ್ಲ, ಇರಲಿ. ಹಾಗೇ ಕೆಲವು ದಿನ ಕೆಲಸ ಮಾಡಿ. ಬಿಗಿತ ಕಡಿಮೆಯಾದರೆ ನಿಮಗೆ ಎತ್ತರ, ಅಗಲ ಬೇಕು ಅಂತ ಅರ್ಥ, ಎಷ್ಟು ಬೇಕು ಅಂತ ಸ್ಕೇಲಿನಲ್ಲೇ ಅಳೆಯಬಹುದು. ಏನೂ ಬದಲಾಗದಿದ್ದರೆ ತೊಂದರೆ ಮೌಸ್ ಇಟ್ಟಿರುವ ಜಾಗದಲ್ಲಿರಬಹುದು. ಕೀಬೋರ್ಡಿನ ಬಲಕ್ಕೆ ಅಂಕಿಗಳ ಪ್ಯಾಡ್ ಇದ್ದರೆ ಮೌಸ್ ಅದರಾಚೆ ಹೋಗುತ್ತದೆ, ತೋಳು ದಿನವಿಡೀ ಹೊರಕ್ಕೆ ಚಾಚಿಕೊಂಡಿರುತ್ತದೆ. ಅಂಕಿ ಟೈಪ್ ಮಾಡುವ ಕೆಲಸ ಇಲ್ಲದಿದ್ದರೆ ಆ ಪ್ಯಾಡ್ ಇಲ್ಲದ ಕೀಬೋರ್ಡ್ ತನ್ನಿ, ಮೌಸ್ ಹಳೆಯದೇ ಇರಲಿ.