ಹಳೇ ಬುಲೆಟ್ ಪಟಾಕಿ ಹೊಡೆದರೆ ಮೊದಲು ಕಾರ್ಬುರೇಟರ್ ಮುಟ್ಟಬೇಡಿ

ಹಳೇ ಬುಲೆಟ್ ಬ್ಯಾಕ್ ಫೈರ್ ಹೊಡೆಯಲು ಶುರು ಮಾಡಿದರೆ ಎಲ್ಲರ ಕೈ ಮೊದಲು ಹೋಗುವುದು ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕಡೆಗೆ. ಗಾಳಿ ಹೆಚ್ಚು ಕಡಿಮೆ ಮಾಡುವ ಏರ್ ಸ್ಕ್ರೂ ಹೊರಗೇ ಇದೆ, ಬಿಚ್ಚುವ ತಾಪತ್ರಯ ಇಲ್ಲ, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಅರ್ಧ ಸುತ್ತು ಒಳಗೆ, ಒಂದು ಸುತ್ತು ಹೊರಗೆ ಅಂತ ತಿರುಗಿಸಿ, ಆಮೇಲೆ ಮೊದಲು ಎಲ್ಲಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ‘ಅಣ್ಣ, ಕಾರ್ಬುರೇಟರ್ ಹೋಗಿದೆ’ ಎಂದು ನನ್ನ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರ್ ಚೆನ್ನಾಗೇ ಇರುತ್ತದೆ. ತೊಂದರೆ ಇರುವುದು ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್‌ನಲ್ಲಿ, ಅದರ ಜೊತೆಗಿರುವ ಕಂಡೆನ್ಸರ್‌ನಲ್ಲಿ, ವಾಲ್ವ್ ತೆರೆಸುವ ಟ್ಯಾಪೆಟ್‌ನಲ್ಲಿ, ಇಲ್ಲವೇ ಎಲ್ಲೋ ಗಾಳಿ ಎಳೆಯುವ ಒಂದು ಸಣ್ಣ ಸಂದಿನಲ್ಲಿ.

ನಾನು ಇಲ್ಲಿ ಹೇಳುವುದೆಲ್ಲ 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತಾ ಬಂದ ಬುಲೆಟ್ ಬಗ್ಗೆ. ಅದರಲ್ಲೂ ಎರಕದ ಕಬ್ಬಿಣದ ಬೋರ್, ಮಿಕ್‌ಕಾರ್ಬ್ ಕಾರ್ಬುರೇಟರ್, ಪಾಯಿಂಟ್ ಸೆಟ್ ಇರುವ 350 ಸಿಸಿ ಗಾಡಿ. ನಮ್ಮ ಮೈಸೂರಿನ ಹಳೇ ಯೆಜ್ಡಿ ಟೂ ಸ್ಟ್ರೋಕ್. ಅದಕ್ಕೆ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ, ಹಾಗಾಗಿ ಅದರ ಲೆಕ್ಕ ಬೇರೆ.

ಮೊದಲು ಕೇಳಬೇಕಾದ್ದು, ಶಬ್ದ ಎಲ್ಲಿಂದ ಬರುತ್ತಿದೆ? ಕಾರ್ಬುರೇಟರ್ ಬಾಯಿಂದ ‘ಫಟ್’ ಅಂತ ಸೀನಿದ ಹಾಗೆ ಬರುತ್ತಿದೆಯೋ, ಸೈಲೆನ್ಸರ್‌ನಿಂದ ‘ಢಬ್’ ಅಂತ ಬರುತ್ತಿದೆಯೋ? ಎರಡಕ್ಕೂ ನಾವು ಬ್ಯಾಕ್ ಫೈರ್ ಅಂತಲೇ ಕರೆಯುತ್ತೇವೆ, ಆದರೆ ಎರಡರ ಕಾರಣ ಬೇರೆ ಬೇರೆ. ಕಿಕ್ ಹೊಡೆದಾಗ ಕಿಕ್ಕರ್ ವಾಪಸ್ ಬಂದು ಮೊಣಕಾಲಿಗೆ ಬಡಿಯುತ್ತಿದ್ದರೆ ಅದು ಮೂರನೇ ಕಥೆ.

ಎರಡನೇ ಪ್ರಶ್ನೆ, ಯಾವಾಗ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ, ಆಕ್ಸಿಲರೇಟರ್ ಕೊಡುವಾಗಲೋ, ಬಿಡುವಾಗಲೋ? ಇದನ್ನು ಗಾಡಿ ಓಡಿಸುವವರು ಸರಿಯಾಗಿ ಹೇಳಿದರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ.

ಕಾರ್ಬುರೇಟರ್‌ನಿಂದ ಸೀನು ಬಂದರೆ ಮಿಶ್ರಣ ತೆಳುವಾಗಿದೆ ಅಂತ ಮೊದಲ ಅನುಮಾನ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅಂಥ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಮುಂದಿನ ಸಲ ಇನ್‌ಲೆಟ್ ವಾಲ್ವ್ ತೆರೆಯುವ ಹೊತ್ತಿಗೂ ಒಳಗೆ ಬೆಂಕಿ ಇನ್ನೂ ಆರಿರುವುದಿಲ್ಲ, ಹೊಸದಾಗಿ ಬರುತ್ತಿರುವ ಮಿಶ್ರಣಕ್ಕೆ ಹತ್ತಿ ಹಿಂದಕ್ಕೆ ಉಗುಳುತ್ತದೆ. ಚಳಿಗಾಲದ ಬೆಳಿಗ್ಗೆ ಚೋಕ್ ಬೇಗ ಬಿಟ್ಟರೆ ಒಂದೆರಡು ಸಲ ಹೀಗಾಗುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಿಸಿಯಾದ ಮೇಲೂ ಆಗುತ್ತಿದ್ದರೆ ಹುಡುಕಬೇಕು. ಇನ್‌ಲೆಟ್ ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದಿದ್ದರೂ ಇದೇ ಸೀನು. ಇನ್ನೊಂದು ಮಾತು, ಏರ್ ಫಿಲ್ಟರ್ ತೆಗೆದು ಓಡಿಸುವವರು ದಯವಿಟ್ಟು ಹಾಕಿಕೊಳ್ಳಿ. ಫಿಲ್ಟರ್ ಇಲ್ಲದೆ ಮಿಶ್ರಣ ಇನ್ನೂ ತೆಳುವಾಗುತ್ತದೆ. ಅಲ್ಲೇ ಪೆಟ್ರೋಲ್ ಓವರ್‌ಫ್ಲೋ ಆಗುತ್ತಿದ್ದರಂತೂ ಬೆಂಕಿ ಹತ್ತುವ ಅಪಾಯ ಇದೆ.

ಗಾಳಿ ಎಳೆಯುವ ಜಾಗ ಸಾಮಾನ್ಯವಾಗಿ ಕಾರ್ಬುರೇಟರ್ ಫ್ಲೇಂಜ್, ಅಂದರೆ ಅದನ್ನು ಇಂಜಿನ್ನಿಗೆ ಜೋಡಿಸುವ ಚಪ್ಪಟೆ ಅಂಚು. ಎರಡೇ ನಟ್‌ನಲ್ಲಿ ಅದು ಹೆಡ್ ಕಡೆಗೆ ಕೂರುತ್ತದೆ. ಎಷ್ಟೋ ಜನ ಈ ನಟ್‌ಗಳನ್ನು ಬಲ ಹಾಕಿ ಬಿಗಿದಿರುತ್ತಾರೆ, ಫ್ಲೇಂಜ್ ಬಿಲ್ಲಿನ ಹಾಗೆ ಬಾಗಿರುತ್ತದೆ. ಆಮೇಲೆ ಎಷ್ಟು ಬಿಗಿದರೂ ಮಧ್ಯದಲ್ಲಿ ಸಂದು. ಗಾಡಿ ಐಡ್ಲಿಂಗ್‌ನಲ್ಲಿರುವಾಗ ಆ ಜೋಡಣೆಯ ಸುತ್ತ ಸೋಪು ನೀರನ್ನು ಸ್ವಲ್ಪ ಸಿಂಪಡಿಸಿ ನೋಡಿ. ಇಂಜಿನ್ ಸದ್ದು ಬದಲಾದರೆ ಅಲ್ಲೇ ಲೀಕ್. ಕೆಲವರು ಸಿರಿಂಜಿನಲ್ಲಿ ಪೆಟ್ರೋಲ್ ಬಿಟ್ಟು ನೋಡುತ್ತಾರೆ, ಬಿಸಿ ಇಂಜಿನ್ ಮೇಲೆ ಅಂಥ ಸಾಹಸ ಬೇಡ. ಬಾಗಿದ ಫ್ಲೇಂಜ್ ಸರಿ ಮಾಡಲು ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ಅದರ ಮೇಲೆ ಎಂಟರ ಆಕಾರದಲ್ಲಿ ಉಜ್ಜಬೇಕು. ಮೊದಲು ಎರಡು ತುದಿ ಮಾತ್ರ ಹೊಳೆಯುತ್ತದೆ. ಇಡೀ ಮುಖ ಒಂದೇ ಸಮ ಹೊಳೆಯುವ ತನಕ ಬಿಡಬಾರದು. ಹೊಸ ಓ ರಿಂಗ್ ಹಾಕಿ, ನಟ್ ಹದವಾಗಿ ಬಿಗಿದರೆ ಆಯಿತು.

ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿ, ಆಮೇಲೆ ಸೀನುತ್ತಾ ನಿಂತುಹೋಗುತ್ತದೆಯಾ? ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಉಸ್’ ಅಂತ ಗಾಳಿ ಒಳಗೆ ಹೋದರೆ ಮುಚ್ಚಳದ ತೂತು ಕಟ್ಟಿಕೊಂಡಿದೆ, ಪೆಟ್ರೋಲ್ ಇಳಿಯುತ್ತಿಲ್ಲ ಅಂತ ಅರ್ಥ. ಒಂದು ಸೂಜಿಯ ಕೆಲಸ.

ಮುಚ್ಚಳ ಸರಿ ಇದ್ದು, ಬಿಸಿಯಾದ ಮೇಲೆ ಮಿಸ್ಸಿಂಗ್ ಹೊಡೆದು ಸೈಲೆನ್ಸರ್‌ನಲ್ಲಿ ಢಬ್ ಅನ್ನುತ್ತಿದ್ದರೆ ನನ್ನ ಕಣ್ಣು ಹೋಗುವುದು ಕಂಡೆನ್ಸರ್ ಮೇಲೆ. ಪಾಯಿಂಟ್ ಕವರ್ ಬಿಚ್ಚಿ, ಮಬ್ಬು ಬೆಳಕಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ ನೋಡಿ. ಪಾಯಿಂಟ್ ನಡುವೆ ಸಣ್ಣ ಕಿಡಿ ಇದ್ದೇ ಇರುತ್ತದೆ. ದಪ್ಪಗೆ, ಬಿಳಿ-ನೀಲಿಯಾಗಿ ಚಟಚಟ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ. ಪ್ಲಗ್‌ಗೆ ಹೋಗಬೇಕಾದ ಜೋರು ಅಲ್ಲೇ ಉರಿದುಹೋಗುತ್ತಿದೆ. ಕೆಲವು ಸಲ ಸಿಲಿಂಡರಿನಲ್ಲಿ ಕಿಡಿ ಬೀಳುವುದೇ ಇಲ್ಲ, ಉರಿಯದ ಮಿಶ್ರಣ ಸೈಲೆನ್ಸರ್‌ಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಈಚೆಗೆ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರ್‌ಗಳನ್ನೂ ನಾನು ಕಣ್ಣು ಮುಚ್ಚಿ ನಂಬುವುದಿಲ್ಲ. ಹಾಕಿದ ಮೇಲೆ ಗಾಡಿಯನ್ನು ಚೆನ್ನಾಗಿ ಬಿಸಿ ಮಾಡಿ ಇನ್ನೊಮ್ಮೆ ನೋಡಲೇಬೇಕು.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಅಂದರೆ ಪಾಯಿಂಟ್ ತೆರೆದು ಕಿಡಿ ಬೀಳುವ ಹೊತ್ತು. ಈ ಕ್ರಮ ತಪ್ಪಬಾರದು, ಯಾಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಕಂಪ್ರೆಷನ್‌ನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬರಲು 0.8 ಮಿಲಿಮೀಟರ್ ಬಾಕಿ ಇರುವಾಗ ಪಾಯಿಂಟ್ ತೆರೆಯಲು ಶುರುವಾಗಬೇಕು. ಅದನ್ನು ಹಿಡಿಯಲು ಹಳೇ ಉಪಾಯ ಇದೆ. ಸಿಗರೇಟಿನ ತೆಳು ಕಾಗದವನ್ನು ಪಾಯಿಂಟ್ ನಡುವೆ ಸಿಕ್ಕಿಸಿ, ಮೆಲ್ಲಗೆ ಎಳೆದು ಹಿಡಿದುಕೊಂಡು ಇಂಜಿನ್ ತಿರುಗಿಸಬೇಕು. ಕಾಗದ ಹರಿಯದೆ ಜಾರಿ ಬಂದ ಗಳಿಗೆಯೇ ಪಾಯಿಂಟ್ ತೆರೆದ ಗಳಿಗೆ.

ಪಾಯಿಂಟ್ ಪ್ಲೇಟಿನ ಹಿಂದೆ ಎರಡು ತೂಕ, ಎರಡು ಸ್ಪ್ರಿಂಗ್ ಇರುವ ಆಟೋ ಅಡ್ವಾನ್ಸ್ ಇದೆ, ಸ್ಪೀಡ್ ಏರಿದಂತೆ ಕಿಡಿಯನ್ನು ಬೇಗ ಬೀಳಿಸುವುದು ಅದರ ಕೆಲಸ. ಅದನ್ನು ಹೆಚ್ಚಿನವರು ನೋಡುವುದೇ ಇಲ್ಲ. ತುಕ್ಕು ಹಿಡಿದು ತೂಕ ಹೊರಗೇ ಅಂಟಿಕೊಂಡರೆ ಕಿಡಿ ಯಾವಾಗಲೂ ಬೇಗ ಬೀಳುತ್ತದೆ, ಕಿಕ್ಕರ್ ಕಾಲಿಗೆ ವಾಪಸ್ ಹೊಡೆಯುತ್ತದೆ. ಒಳಗೆ ಅಂಟಿಕೊಂಡರೆ ಸ್ಪೀಡಿನಲ್ಲೂ ತಡವಾಗಿಯೇ ಕಿಡಿ. ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಬೆಂಕಿ ಉರಿಯುತ್ತಲೇ ಇರುತ್ತದೆ, ಇಂಜಿನ್ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪ್ ನೀಲಿಯಾಗುತ್ತದೆ, ಸೈಲೆನ್ಸರ್ ಗುಡುಗುತ್ತದೆ. ಒಂದು ಹನಿ ತೆಳು ಎಣ್ಣೆ ಸಾಕಾಗುವ ಕೆಲಸಕ್ಕೆ ಇಂಜಿನ್ ಇಳಿಸಿದವರನ್ನೂ ನೋಡಿದ್ದೇನೆ.

ಟ್ಯಾಪೆಟ್ ನೋಡುವುದು ಇಂಜಿನ್ ಪೂರ್ತಿ ತಣ್ಣಗಿದ್ದಾಗ. ಕಂಪ್ರೆಷನ್‌ನಲ್ಲಿ ಪಿಸ್ಟನ್ ಮೇಲೆ ತಂದು, ವಾಲ್ವ್ ತೆರೆಯಲು ತಳ್ಳುವ ಉದ್ದ ಕಡ್ಡಿ ಪುಶ್ ರಾಡ್ ಅನ್ನು ಎರಡು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಸದ್ದು ಬರಬಾರದು ಅಂತ ಬಿಗಿ ಮಾಡಿಸಿಕೊಳ್ಳುವವರು ಇದ್ದಾರೆ. ಆಗ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಟ್ಯಾಪೆಟ್ ಸ್ವಲ್ಪ ಟಿಕ್ ಟಿಕ್ ಅಂದರೆ ಅನ್ನಲಿ ಬಿಡಿ. ಹಾಗೆಯೇ ಸಿಲಿಂಡರಿನ ಒತ್ತಡ ಬಿಡುವ ಪುಟ್ಟ ವಾಲ್ವ್, ಅಂದರೆ ಡಿಕಂಪ್ರೆಸರ್‌ನ ಕೇಬಲ್. ಲಿವರ್‌ನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಕೇಬಲ್ ಬಿಗಿಯಾದರೆ ಆ ಪುಟ್ಟ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಸಿಲಿಂಡರಿನ ಮಿಶ್ರಣ ನೇರ ಎಕ್ಸಾಸ್ಟ್‌ಗೆ ಸೋರುತ್ತದೆ. ಗಾಡಿ ಸ್ಟಾರ್ಟ್ ಆಗಲು ಸತಾಯಿಸಿ, ಜೊತೆಗೆ ಪಟಪಟ ಅನ್ನುತ್ತಿದ್ದರೆ ಇದನ್ನು ಮೊದಲು ನೋಡಿ.

ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸೈಲೆನ್ಸರ್ ಪಟಪಟ ಅಂದರೆ? ಘಾಟಿ ಇಳಿಯುವಾಗ ಇದು ಜಾಸ್ತಿ. ಥ್ರಾಟಲ್ ಮುಚ್ಚಿದೆ, ಚಕ್ರ ಇಂಜಿನ್ನನ್ನು ತಿರುಗಿಸುತ್ತಿದೆ. ಒಳಗೆ ಬರುವ ಚೂರು ಮಿಶ್ರಣ ಹೊತ್ತದೆ ಬಿಸಿ ಸೈಲೆನ್ಸರ್‌ಗೆ ಹೋಗುತ್ತದೆ. ಬೆಂಡ್ ಪೈಪ್ ಹೆಡ್‌ಗೆ ಸೇರುವ ಜಾಗದಲ್ಲಿ ಲೀಕ್ ಇದ್ದರೆ ಅಲ್ಲಿಂದ ಗಾಳಿ ಸೇರಿ ಹೊತ್ತಿಕೊಳ್ಳುತ್ತದೆ. ಆ ಜಾಗದಲ್ಲಿ ಕಪ್ಪು ಮಸಿ ಕಾಣುತ್ತದೆಯಾ ನೋಡಿ. ಇದರ ಜೊತೆ ಊರಿನ ಎತ್ತರವೂ ಸೇರುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 8ರಷ್ಟು ತೆಳು. ಅಲ್ಲಿ ಟ್ಯೂನ್ ಮಾಡಿದ ಗಾಡಿ ಶಿರಾಡಿ ಇಳಿದು ಮಂಗಳೂರಿಗೆ ಬಂದರೆ ಗಾಳಿ ದಟ್ಟವಾಗಿ, ಮಿಶ್ರಣ ಇನ್ನೂ ತೆಳುವಾಗುತ್ತದೆ. ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇರುವುದೂ ಅದೇ ದಿಕ್ಕಿಗೆ ತಳ್ಳುತ್ತದೆ. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು.

ಬಿಟ್ಟಾಗ ಒಂದೆರಡು ಪಟಪಟ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ಕೀ ಆಫ್ ಮಾಡಿ ಆನ್ ಮಾಡಿ ಬೇಕಂತಲೇ ಢಂ ಅನ್ನಿಸುವ ಹುಡುಗರಿಗೆ ಮಾತ್ರ ಸೈಲೆನ್ಸರ್ ರಿಪೇರಿಗೆ ಪೂರ್ತಿ ದುಡ್ಡು ಇಸಿದುಕೊಳ್ಳುತ್ತೇನೆ. ಅದರ ಜೋಡಣೆಯ ಗೆರೆ (ಸೀಮ್) ಉದ್ದಕ್ಕೂ ಸೀಳಿರುತ್ತದೆ.

ಇಷ್ಟೆಲ್ಲ ಸರಿ ಇದ್ದ ಮೇಲೆ ಕಾರ್ಬುರೇಟರ್. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ಒಂದು ದುಂಡನೆ ಚುಕ್ಕೆ ಕಾಣಬೇಕು. ಕ್ಲಚ್ ವೈರಿನ ಎಳೆ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ಆಮೇಲೆ ಏರ್ ಸ್ಕ್ರೂ ಮೆತ್ತಗೆ ಪೂರ್ತಿ ಒಳಗೆ ಹಾಕಿ, ಒಂದೂವರೆ ಸುತ್ತು ಹೊರಗೆ ತನ್ನಿ. ಈ ಕಾರ್ಬುರೇಟರ್‌ನಲ್ಲಿ ಒಳಗೆ ಹೋದರೆ ಮಿಶ್ರಣ ದಪ್ಪ, ಹೊರಗೆ ಬಂದರೆ ತೆಳು. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಅತಿ ಹೆಚ್ಚು ಬರುವ ಜಾಗ ಹುಡುಕಿ, ಅಲ್ಲಿಂದ ಕಾಲು ಸುತ್ತು ಒಳಗೆ. ಪೂರ್ತಿ ಒಳಗೆ ಹಾಕಿದರಷ್ಟೇ ಐಡ್ಲಿಂಗ್ ಸರಿಯಾಗಿ ಬರುತ್ತದೆ ಅಂದರೆ ಜೆಟ್ ಕಟ್ಟಿದೆ ಅಥವಾ ಇನ್ನೂ ಎಲ್ಲೋ ಗಾಳಿ ಎಳೆಯುತ್ತಿದೆ. ಎರಡೂ ಇಲ್ಲವಾದರೆ ಪೈಲಟ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಬಹುದು.