ಎಫೆಸ 2:8-10: ಒಂಬತ್ತನೇ ವಚನಕ್ಕೇ ನಿಲ್ಲಿಸಬೇಡಿ

ಅಪೊಸ್ತಲ ಪೌಲ ಎಫೆಸ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರಿಕೆಯಲ್ಲಿ, ಅಂದರೆ ಬೈಬಲಿನಲ್ಲಿರುವ ಒಂದು ಪತ್ರದಲ್ಲಿ, ತುಂಬ ಜನಕ್ಕೆ ಬಾಯಿಪಾಠ ಇರುವುದು 2ನೇ ಅಧ್ಯಾಯದ 8 ಮತ್ತು 9ನೇ ವಚನ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರ ಕೃಪೆಯಿಂದ, ನಂಬಿಕೆಯ ಮೂಲಕ ಸಿಕ್ಕಿದ್ದು; ನಮ್ಮ ಕೆಲಸಗಳಿಂದಲ್ಲ, ಹಾಗಾಗಿ ಯಾರೂ ಜಂಬ ಪಡುವಂತಿಲ್ಲ. ಸಂಡೇ ಸ್ಕೂಲ್‌ನಲ್ಲಿ ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಪೌಲ ಇಲ್ಲಿಗೆ ಮುಗಿಸಿಲ್ಲ. ರಕ್ಷಣೆ ಯಾತಕ್ಕೆ ಅನ್ನುವುದು 10ನೇ ವಚನದಲ್ಲಿದೆ: ದೇವರು ಮೊದಲೇ ಸಿದ್ಧಮಾಡಿಟ್ಟ ಒಳ್ಳೆಯ ಕೆಲಸಗಳನ್ನು ಮಾಡುತ್ತಾ ನಾವು ಬದುಕಲಿ ಅಂತ.

9ರಲ್ಲಿ ಕೆಲಸದಿಂದಲ್ಲ ಅಂದು 10ರಲ್ಲಿ ಕೆಲಸಕ್ಕಾಗಿ ಅಂದರೆ ಗೊಂದಲ ಆಗುತ್ತದೆ, ಅಲ್ವಾ? ಎರಡೂ ಸರಿಯೇ. ಒಳ್ಳೆಯ ಕೆಲಸ ಮಾಡಿ ರಕ್ಷಣೆ ಕೊಂಡುಕೊಳ್ಳಲು ಆಗುವುದಿಲ್ಲ. ರಕ್ಷಣೆ ಸಿಕ್ಕವರು ಸುಮ್ನೆ ಕೂರುವಂತೆಯೂ ಇಲ್ಲ.

ಕ್ರೈಸ್ತ ನಂಬಿಕೆ ಅಂದರೆ ಸತ್ತ ಮೇಲೆ ಸ್ವರ್ಗಕ್ಕೆ ಹೋಗುವುದು, ಅಷ್ಟೇ ಅಂತ ಹಲವರು ಅಂದುಕೊಂಡಿರುತ್ತಾರೆ. ಮುಂದಿನ ಕಾಲದ ಮಾತು ಈ ಪತ್ರಿಕೆಯಲ್ಲೂ ಬರುತ್ತದೆ, 2:7 ನೋಡಿ. ಆದರೆ ಜಾಸ್ತಿ ಜಾಗ ಹೋಗಿರುವುದು ಈ ಲೋಕದಲ್ಲೇ ಬದುಕುವ ಜನರ ಬಗ್ಗೆ.

2:14ರಲ್ಲಿ ಬರುವ ಅಡ್ಡಗೋಡೆಯನ್ನೇ ತೆಗೆದುಕೊಳ್ಳಿ. ಯೆಹೂದ್ಯರನ್ನೂ ಅನ್ಯಜನರನ್ನೂ (ಯೆಹೂದ್ಯರಲ್ಲದವರನ್ನೂ) ಬೇರೆ ಮಾಡಿದ್ದ ಗೋಡೆಯನ್ನು ಕ್ರಿಸ್ತನು ಕೆಡವಿದ ಅನ್ನುತ್ತಾನೆ ಪೌಲ. ಯೆರೂಸಲೇಮಿನ ದೇವಾಲಯದಲ್ಲಿ ನಿಜವಾಗಿಯೂ ಅಂಥ ಒಂದು ಕಲ್ಲಿನ ತಡೆ ಇತ್ತು. ಅನ್ಯರು ಇದನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದರೆ ಸಾವಿಗೆ ಅವರೇ ಹೊಣೆ ಅಂತ ಗ್ರೀಕ್ ಭಾಷೆಯಲ್ಲಿ ಕೆತ್ತಿಸಿದ್ದರು. ಆ ಬರಹದ ಒಂದು ಕಲ್ಲು 1871ರಲ್ಲಿ ಸಿಕ್ಕಿತು. ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 21ನೇ ಅಧ್ಯಾಯ ತೆಗೆಯಿರಿ. ಪೌಲ ಒಬ್ಬ ಅನ್ಯನನ್ನು ದೇವಾಲಯದೊಳಗೆ ಕರೆತಂದ ಅಂತ ಗಲಾಟೆ ಎದ್ದು, ಅವನನ್ನು ಹಿಡಿದು ಹೊಡೆಯುತ್ತಾರೆ. ಜನರ ಅನುಮಾನ ಬಿದ್ದದ್ದು ತ್ರೊಫಿಮ ಎಂಬುವನ ಮೇಲೆ. ಅವನ ಊರು ಯಾವುದು ಗೊತ್ತಾ? ಎಫೆಸ! ಅಲ್ಲಿಂದ ಶುರುವಾದ ಪೌಲನ ಸೆರೆವಾಸ ವರ್ಷಗಟ್ಟಲೆ ನಡೆಯಿತು. ಈ ಪತ್ರಿಕೆಯಲ್ಲೂ 3:1ರಲ್ಲಿ ಅವನು ತನ್ನನ್ನು ಅನ್ಯಜನರಾದ ನಿಮಗೋಸ್ಕರ ಸೆರೆಯಲ್ಲಿರುವವನು ಅಂತಲೇ ಕರೆದುಕೊಳ್ಳುತ್ತಾನೆ. ಗೋಡೆ ಅಂದದ್ದು ಈ ಕಲ್ಲಿನ ತಡೆಯನ್ನೋ ಯೆಹೂದ್ಯರ ಧರ್ಮಶಾಸ್ತ್ರವನ್ನೋ ಅಂತ ವಿದ್ವಾಂಸರಲ್ಲಿ ಚರ್ಚೆ ಇದೆ. ಪತ್ರಿಕೆ ಪೌಲನದೇನಾ ಅಂತಲೂ ಕೆಲವರು ಕೇಳುತ್ತಾರೆ. ನನಗಂತೂ ತ್ರೊಫಿಮನ ಕಥೆ ಓದಿದ ಮೇಲೆ ಆ ಕಲ್ಲನ್ನು ಬಿಟ್ಟು ಈ ವಚನ ಓದಲು ಆಗುವುದಿಲ್ಲ.

ಅಂದರೆ ಇಲ್ಲಿ ರಕ್ಷಣೆ ಬರೀ ನಾನು, ನನ್ನ ದೇವರು ಅನ್ನುವ ವ್ಯವಹಾರ ಅಲ್ಲ. ಒಟ್ಟಿಗೆ ಸೇರದ ಇಬ್ಬರನ್ನು ಒಂದೇ ಮನೆಯವರನ್ನಾಗಿ ಮಾಡುವುದೂ ಅದರಲ್ಲೇ ಸೇರಿದೆ (2:19). ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥಿಸಿ, ಮದುವೆ ಮಾತು ಬಂದಾಗ ಮಾತ್ರ ಜಾತಿ ವಿಚಾರಿಸುವ ನಮ್ಮ ಸಭೆಗಳವರು ಈ ಭಾಗವನ್ನು ನಿಧಾನವಾಗಿ ಓದಬೇಕು.

ಒಳ್ಳೆಯ ಕೆಲಸ ಅಂದರೆ ಏನು ಅಂತ 4ನೇ ಅಧ್ಯಾಯದಿಂದ ಮುಂದೆ ಗೊತ್ತಾಗುತ್ತದೆ. ಸುಳ್ಳು ಬಿಡಿ, ಹೊತ್ತು ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡಿ, ಹೀಗೆ ದಿನನಿತ್ಯದ ಮಾತುಗಳು. ನನಗೆ ಹೆಚ್ಚು ಹಿಡಿಸಿದ್ದು 4:28. ಕಳ್ಳತನ ಮಾಡುತ್ತಿದ್ದವನು ಇನ್ನು ಕದಿಯಬಾರದು. ಅಷ್ಟಕ್ಕೇ ಬಿಡುವುದಿಲ್ಲ. ಅವನು ಕೈಯಾರೆ ದುಡಿಯಬೇಕು. ದುಡಿಯುವುದು ಯಾತಕ್ಕೆ? ಇಲ್ಲದವರಿಗೆ ಕೊಡಲು ತನ್ನ ಹತ್ತಿರ ಏನಾದರೂ ಇರಲಿ ಅಂತ. ಕದಿಯುವುದನ್ನು ಬಿಟ್ಟರೆ ಸಾಕು ಅಂತ ನಾವು ಅಂದುಕೊಂಡರೆ, ಪೌಲ ಆ ಕೈಗೆ ಹೊಸ ಕೆಲಸವನ್ನೇ ಹಚ್ಚುತ್ತಾನೆ.

ಮುಂದಿನ ಓದಿಗೆ ಬೈಬಲಿನದೇ ಇನ್ನೊಂದು ಪತ್ರಿಕೆಯಾದ ಯಾಕೋಬ 2:14-17 ಇಟ್ಟುಕೊಳ್ಳಿ. ಉಡಲು ಬಟ್ಟೆ, ಹೊಟ್ಟೆಗೆ ಊಟ ಇಲ್ಲದವರಿಗೆ ಏನೂ ಕೊಡದೆ, ಬೆಚ್ಚಗಿರಿ, ಹೊಟ್ಟೆ ತುಂಬ ತಿನ್ನಿ ಅಂತ ಬರೀ ಬಾಯಿಮಾತು ಹೇಳಿ ಕಳಿಸುವವರ ಉದಾಹರಣೆ ಅಲ್ಲಿದೆ. ಕೆಲಸವಿಲ್ಲದ ನಂಬಿಕೆ ಸತ್ತದ್ದು ಅನ್ನುತ್ತಾನೆ ಯಾಕೋಬ; ಹಾಗಾಗಿ ಯಾಕೋಬ, ಪೌಲ ಇಬ್ಬರೂ ಒಬ್ಬರಿಗೊಬ್ಬರು ವಿರೋಧ ಅನ್ನುವವರು ಇದ್ದಾರೆ. ಓದುವಾಗ ಎಫೆಸ 2:10ಕ್ಕೆ ಒಂದು ಬೆರಳು ಇಟ್ಟುಕೊಂಡೇ ಓದಿ.