ಕಲ್ಲಾದ ಕಾಡು ಮತ್ತು ಮೊದಲ ಬೇರುಗಳು

ಒಂಟಿಯಾಗಿ ಸಿಗುವ ಎಲೆಯ ಪಳೆಯುಳಿಕೆಯು ಇಂಥದೊಂದು ಸಸ್ಯವಿತ್ತೆಂದು ಹೇಳಬಲ್ಲುದೇ ಹೊರತು, ಅದರ ನೆರೆಯ ಗಿಡ ಎಷ್ಟು ದೂರದಲ್ಲಿತ್ತು, ಬೇರು ಎಲ್ಲಿಯವರೆಗೆ ಹಬ್ಬಿತ್ತು ಎಂಬುದನ್ನು ಹೇಳಲಾರದು. ಹೊಳೆಯ ನೀರು ಅದನ್ನು ಎಲ್ಲಿಂದಲೋ ಹೊತ್ತು ತಂದಿರಬಹುದು. ಬೆಳೆದ ನೆಲದಲ್ಲಿಯೇ ಹೂತು ಕಲ್ಲಾದ ಕಾಡುಗಳ ಬೆಲೆ ಇರುವುದು ಇಲ್ಲಿಯೇ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗಿಲ್ಬೋವಾದಲ್ಲಿ 1920ರ ದಶಕದಲ್ಲಿ ಅಣೆಕಟ್ಟೆಗಾಗಿ ಕಲ್ಲು ತೆಗೆಯುವಾಗ ಸುಮಾರು 38.5 ಕೋಟಿ ವರ್ಷ ಹಳೆಯ ಮರದ ಬುಡಗಳು ರಾಶಿರಾಶಿಯಾಗಿ ಸಿಕ್ಕವು. ಪಳೆಯುಳಿಕೆ ತಜ್ಞೆ ವಿನಿಫ್ರೆಡ್ ಗೋಲ್ಡ್‌ರಿಂಗ್ ಅವುಗಳನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿ ಇಯೋಸ್ಪರ್ಮಟಾಪ್ಟೆರಿಸ್ ಎಂದು ಹೆಸರಿಟ್ಟರು. ಆದರೆ ಆ ಮರದ ತಲೆ ಹೇಗಿತ್ತೆಂಬುದು ಸ್ಪಷ್ಟವಾದದ್ದು, ಕಾಂಡಕ್ಕೆ ಅಂಟಿಕೊಂಡೇ ಇದ್ದ ತುದಿಯೊಂದರ ವಿವರ 2007ರಲ್ಲಿ ಪ್ರಕಟವಾದ ಮೇಲೆ. ಎಂಟು ಮೀಟರಿಗೂ ಎತ್ತರವಿದ್ದ ಆ ಮರಕ್ಕೆ ಅಗಲವಾದ ಎಲೆಗಳೇ ಇರಲಿಲ್ಲ. ತುದಿಯಲ್ಲಿ ಕವಲೊಡೆದ ರೆಂಬೆಗಳ ಗೊಂಚಲಿತ್ತು, ಹಳೆಯ ರೆಂಬೆಗಳು ಉದುರಿ ಬೀಳುತ್ತಿದ್ದವು. ಬುಡದ ಸುತ್ತ ಇದ್ದವು ಕವಲೊಡೆಯದ, ತೆಳುವಾದ, ಹೆಚ್ಚು ದೂರ ಹೋಗದ ಬೇರುಗಳು. ಇದೇ ಕಾಡಿನ ನೆಲವನ್ನು ನಕ್ಷೆ ಮಾಡಿದ ವಿಜ್ಞಾನಿಗಳು, ಮರಗಳ ನಡುವೆ ನೆಲದ ಮೇಲೆ ಹರಿದಾಡಿ ಬೆಳೆದ ಬೇರೆಯೇ ಗುಂಪಿನ ಸಸ್ಯಗಳ ದಪ್ಪ ಕಾಂಡಗಳನ್ನೂ ಕಂಡು 2012ರಲ್ಲಿ ವರದಿ ಮಾಡಿದರು. ಬುಡಗಳನ್ನಷ್ಟೇ ಕಿತ್ತು ಸಂಗ್ರಹಾಲಯಕ್ಕೆ ಒಯ್ದಾಗ ಈ ಸಂಗತಿ ತಿಳಿಯುವಂತಿರಲಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಕೇರೋ ಎಂಬಲ್ಲಿನ ಕಾಡು. 2019ರಲ್ಲಿ ವಿವರಿಸಲಾದ ಈ ಕಾಡು ಗಿಲ್ಬೋವಾಕ್ಕಿಂತ ತುಸು ಹಳೆಯದು. ಆದರೂ ಇಲ್ಲಿನ ಆರ್ಕಿಯಾಪ್ಟೆರಿಸ್ ಮರಗಳ ಬೇರುಗಳು ಕವಲಿನ ಮೇಲೆ ಕವಲೊಡೆಯುತ್ತ 11 ಮೀಟರ್‌ವರೆಗೆ ಹರಡಿವೆ. ಪೈನ್ ಜಾತಿಯ ಮರಗಳಂಥ ಗಟ್ಟಿ ಕಟ್ಟಿಗೆ ಮತ್ತು ಜರೀಗಿಡದಂಥ ಎಲೆ ಒಂದೇ ಮರದವೆಂದು 1960ರಲ್ಲಿ ಸಸ್ಯ ಪಳೆಯುಳಿಕೆಗಳ ತಜ್ಞ ಚಾರ್ಲ್ಸ್ ಬೆಕ್ ತೋರಿಸಿಕೊಟ್ಟದ್ದು ಇದೇ ಸಸ್ಯದ ವಿಷಯದಲ್ಲಿ. ಬೀಜವಿಲ್ಲದೆ, ಜರೀಗಿಡಗಳಂತೆ ಧೂಳಿನಷ್ಟು ಸಣ್ಣ ಬೀಜಕಗಳಿಂದಲೇ ಅದು ಸಂತಾನ ಬೆಳೆಸುತ್ತಿತ್ತು. ಗಿಲ್ಬೋವಾದ ಬಗೆಯ ಮರಗಳೂ ಅದೇ ನೆಲದಲ್ಲಿ ಬೆಳೆದಿದ್ದವು. ಸರಳ ಬೇರು ಅಳಿದ ಮೇಲೆ ಸಂಕೀರ್ಣ ಬೇರು ಬಂತೆಂಬ ನೇರವಾದ ಕಥೆಗೆ ಇಲ್ಲಿ ಜಾಗವಿಲ್ಲ.

ಬೇರಿನ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೇರುಗಳು ಬಂಡೆಯನ್ನು ಸೀಳುತ್ತವೆ, ಆಮ್ಲಗಳನ್ನು ಸ್ರವಿಸಿ ಸಿಲಿಕೇಟ್ ಖನಿಜಗಳನ್ನು ಕರಗಿಸುತ್ತವೆ. ಹೀಗೆ ಕರಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಬೈಕಾರ್ಬೊನೇಟಾಗಿ ನದಿಗಳ ಮೂಲಕ ಕಡಲು ಸೇರಿ, ಕೊನೆಗೆ ಸುಣ್ಣಕಲ್ಲಿನಲ್ಲಿ ಸೆರೆಯಾಗುತ್ತದೆ. ಈ ಕಾಡುಗಳು ಬೆಳೆದ ಡೆವೋನಿಯನ್ ಎಂಬ ಭೂವೈಜ್ಞಾನಿಕ ಕಾಲದಲ್ಲಿ ವಾತಾವರಣದ ಇಂಗಾಲ ಇಳಿದದ್ದರಲ್ಲಿ ಇಂಥ ಮರಗಳ ಪಾಲು ಎಷ್ಟೆಂಬ ಚರ್ಚೆ ಮುಗಿದಿಲ್ಲವಾದರೂ, ಆಳಕ್ಕಿಳಿದ ಬೇರುಗಳು ಮಣ್ಣಿನ ಸ್ವರೂಪವನ್ನೇ ಬದಲಿಸಿದವು ಎಂಬುದರಲ್ಲಿ ಸಂದೇಹವಿಲ್ಲ.

ನೆಲದ ಮೇಲೆ ಸಸ್ಯಗಳ ಪ್ರಭಾವ ಅದಕ್ಕೂ ಮೊದಲೇ ಆರಂಭವಾಗಿತ್ತೆಂದು ಇಂಗ್ಲೆಂಡಿನ ನೈಋತ್ಯ ಕರಾವಳಿಯಲ್ಲಿ ದೊರೆತು 2024ರಲ್ಲಿ ವರದಿಯಾದ, 39 ಕೋಟಿ ವರ್ಷ ಹಳೆಯ ಕಾಡು ತೋರಿಸುತ್ತದೆ. ಎರಡರಿಂದ ನಾಲ್ಕು ಮೀಟರ್ ಎತ್ತರದ ಅಲ್ಲಿನ ಕ್ಯಾಲಮೊಫೈಟಾನ್ ಮರಗಳು ಉದುರಿಸಿದ ರೆಂಬೆಗಳ ರಾಶಿಯೇ ಹೊಳೆ ತಂದ ಮರಳು ಮತ್ತು ಮೆಕ್ಕಲನ್ನು ಹಿಡಿದಿಟ್ಟು, ನೀರು ಹರಿಯುವ ಬಗೆಯನ್ನು ಬದಲಿಸುತ್ತಿತ್ತು.